ಎಂಟನೇ ಕ್ರಾಸಿನ ನೆರೆಹೊರೆ

ಬೆಳಗಿನ ಆರೂವರೆಗೆ ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಹೂವಿನ ಬುಟ್ಟಿಗಳು ಸಾಲಾಗಿ ಕೂತಿರುತ್ತವೆ. ಮಲ್ಲಿಗೆ, ಕನಕಾಂಬರ, ಸೇವಂತಿಗೆ. ಪಕ್ಕದಲ್ಲೇ ಬಾಳೆಎಲೆಯ ಸುರುಳಿ, ಮಾವಿನ ಸೊಪ್ಪಿನ ಕಟ್ಟು. “ಇವತ್ತು ಶುಕ್ರವಾರ ಅಲ್ವೇನಮ್ಮ, ಇನ್ನೊಂದು ಮೊಳ ತಗೊಳ್ಳಿ” ಎನ್ನುತ್ತಲೇ ಹೂವಿನಾಕೆ ಅಳೆದು ಕೊಡುತ್ತಾರೆ. “ಚಿಲ್ಲರೆ ನಾಳೆ ಕೊಡ್ತೀನಿ” ಎಂದು ಗಿರಾಕಿ ಹೊರಡುತ್ತಾರೆ. ನಾಳೆಯೂ ಇದೇ ಹೊತ್ತಿಗೆ ಇಲ್ಲೇ ಭೇಟಿಯಾಗುತ್ತೇವೆಂಬುದು ಇಬ್ಬರಿಗೂ ಗೊತ್ತು. ಅತ್ತ ಮಾರ್ಗೋಸಾ ರಸ್ತೆಯ ವೀಣಾ ಸ್ಟೋರ್ಸ್ ಎದುರು ಇಡ್ಲಿ ತಟ್ಟೆ ಹಿಡಿದವರು ಫುಟ್‌ಪಾತಿನಲ್ಲೇ ನಿಂತು, ಪಕ್ಕದಲ್ಲಿ ನಿಂತವರೊಡನೆ ಮಾತಿಗಿಳಿದಿರುತ್ತಾರೆ.

ಈ ಬಡಾವಣೆ ಬೆಳೆದದ್ದು ಭಯದಿಂದ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಡಿದಾಗ ಇಕ್ಕಟ್ಟಿನ ಪೇಟೆಯಿಂದ ಜನ ಹೊರಬರಬೇಕಾಯಿತು. ಅವರಿಗೆ ನೆಲೆಯಾದದ್ದು ಮಲ್ಲೇಶ್ವರ, ಬಸವನಗುಡಿ. ಗಾಳಿ ಬೆಳಕು ಆಡಲೆಂದು ನೇರ ಮೇನು, ಅಡ್ಡ ಕ್ರಾಸು. ಮನೆಯ ಸುತ್ತ ಒಂದಿಷ್ಟು ಜಾಗ, ಹಿಂದೆ ನೈರ್ಮಲ್ಯದ ಕೆಲಸಕ್ಕೆಂದು ಬಿಟ್ಟ ಕನ್ಸರ್ವೆನ್ಸಿ ಗಲ್ಲಿ. ಆರೋಗ್ಯಕ್ಕೆಂದು ಹಾಕಿದ ಈ ಅಳತೆ ಒಡನಾಟಕ್ಕೂ ಒದಗಿಬಂತು. ದೇವಸ್ಥಾನ, ಸಂತೆ, ಶಾಲೆ, ರೈಲು ನಿಲ್ದಾಣ ಎಲ್ಲವೂ ಕಾಲ್ನಡಿಗೆಯ ದೂರದಲ್ಲಿ. ದಿನವೂ ಒಂದೇ ದಾರಿಯಲ್ಲಿ ನಡೆಯುವವರು ಎಷ್ಟು ದಿನ ತಾನೇ ಅಪರಿಚಿತರಾಗಿ ಉಳಿದಾರು?

ಒಳಗಿನ ಕ್ರಾಸುಗಳಲ್ಲಿ ಹಳೆಯ ಮನೆಗಳು ಇನ್ನೂ ಅಲ್ಲಲ್ಲಿ ಇವೆ. ಮಂಗಳೂರು ಹೆಂಚು, ಕಿಟಕಿಯ ಮೇಲೆ ಮರದ ಪಟ್ಟಿಗಳ ಮಂಕಿ ಟಾಪ್, ಕಾಲಿಗೆ ತಂಪೆನಿಸುವ ಕೆಂಪು ಗಾರೆಯ ವರಾಂಡ. ಎದೆಯೆತ್ತರದ ಕಾಂಪೌಂಡಿನಾಚೆ ಪಾರಿಜಾತ ಆಯುವ ಅಜ್ಜಿ, ಈಚೆ ಹಾಲಿನ ಪ್ಯಾಕೆಟ್ ಹಿಡಿದ ನೆರೆಮನೆಯವರು. ಪಕ್ಕದ ನಿವೇಶನದಲ್ಲಿ ಹೊಸ ಅಪಾರ್ಟ್‌ಮೆಂಟ್. ಕೆಳಗೆ ಕಾರುಗಳು, ಬೀದಿಗೆ ಕಬ್ಬಿಣದ ಎತ್ತರದ ಗೇಟು. ಅಲ್ಲಿಯೂ ಒಳ್ಳೆಯವರೇ ಇದ್ದಾರೆ. ಆದರೆ ಅವರ ಮುಖ ಬೀದಿಗೆ ಕಾಣುವುದಿಲ್ಲ.

ಫ್ಲ್ಯಾಟ್ ನೋಡಲು ಬಂದ ಯುವ ದಂಪತಿಗೆ ಬ್ರೋಕರ್ ಚದರಡಿಯ ಲೆಕ್ಕ ಹೇಳುತ್ತಿದ್ದಾರೆ. ಕಾಂಪೌಂಡಿನಾಚೆಯಿಂದ ಅಜ್ಜಿ ಕೇಳುತ್ತಾರೆ: “ಯಾವ ಊರಮ್ಮ ನಿಮ್ಮದು? ಮಕ್ಕಳೆಷ್ಟು?” ಆಮೇಲೆ ತಾವಾಗಿಯೇ ಶುರುಮಾಡುತ್ತಾರೆ: “ಕಾವೇರಿ ನೀರು ದಿನ ಬಿಟ್ಟು ದಿನ ಬರತ್ತೆ. ಜೋರು ಮಳೆ ಬಂದ್ರೆ ಆ ತಿರುವಲ್ಲಿ ನೀರು ನಿಲ್ಲತ್ತೆ. ಆ ಫ್ಲ್ಯಾಟಿನ ಜಾಗ ಅಣ್ಣತಮ್ಮಂದಿರದ್ದು, ಎಲ್ಲರೂ ಸಹಿ ಹಾಕಿದಾರಾ ಕೇಳಿ.”

ಆ ಕೊನೆಯ ಮಾತಿಗೆ ಬಹಳ ತೂಕ. ತಲೆಮಾರು ದಾಟಿಬಂದ ಇಲ್ಲಿನ ಆಸ್ತಿಗಳಿಗೆ ಹಲವರು ವಾರಸುದಾರರು. ಮೂಲಪತ್ರದಿಂದ ಇಂದಿನ ಕ್ರಯಪತ್ರದವರೆಗಿನ ಕೊಂಡಿ, ವಂಶವೃಕ್ಷ, ಋಣಭಾರ ಪ್ರಮಾಣಪತ್ರ, ಇ-ಖಾತಾ, ತೆರಿಗೆ ರಸೀದಿ, ಮಂಜೂರಾದ ನಕ್ಷೆ ಎಲ್ಲವನ್ನೂ ವಕೀಲರಿಗೆ ತೋರಿಸಿಯೇ ಮುಂಗಡ ಕೊಡಬೇಕು. ಫ್ಲ್ಯಾಟಾದರೆ ನೆಲದಲ್ಲಿ ನಮಗೆ ಬರುವ ಅವಿಭಜಿತ ಪಾಲು ಎಷ್ಟೆಂದು ಕೇಳಬೇಕು. 45 ಲಕ್ಷ ರೂಪಾಯಿ ದಾಟಿದ ಆಸ್ತಿಗೆ ಶೇ. 5ರ ಮುದ್ರಾಂಕ ಶುಲ್ಕ, ಅದರ ಮೇಲೆ ಸೆಸ್, ಸರ್ಚಾರ್ಜ್, ನೋಂದಣಿ ಶುಲ್ಕ. ಈ ಹಣವನ್ನೂ ಮೊದಲೇ ಎತ್ತಿಡಬೇಕು. ಆದರೆ ತಿರುವಿನಲ್ಲಿ ನೀರು ನಿಲ್ಲುವ ಸಂಗತಿ ಯಾವ ಪತ್ರದಲ್ಲೂ ಇರುವುದಿಲ್ಲ. ಅದನ್ನು ತಿಳಿಯಲು ಬೆಳಿಗ್ಗೆ, ಸಂಜೆ, ಮಳೆ ಬಿದ್ದ ಮಾರನೆಯ ದಿನ ಆ ಬೀದಿಯಲ್ಲಿ ನಡೆಯಬೇಕು. ಇಸ್ತ್ರಿಯವರನ್ನು, ಮೂಲೆಯಂಗಡಿಯವರನ್ನು ಮಾತನಾಡಿಸಬೇಕು.

ಸಂಜೆ ಸಂಪಿಗೆ ರಸ್ತೆ ತುಂಬಿ ಹರಿಯುತ್ತದೆ. 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆಯ ದಂಡೆಯಲ್ಲಿ ನಿವೃತ್ತರ ಗುಂಪುಗಳು ಹೆಜ್ಜೆ ಹಾಕುತ್ತವೆ. ರಾಮನವಮಿಗೆ ಪಾನಕ, ಕೋಸಂಬರಿ. ಕಾರ್ತಿಕದಲ್ಲಿ ಕಾಡು ಮಲ್ಲೇಶ್ವರನ ಸನ್ನಿಧಿಯ ಸುತ್ತ ಕಡಲೆಕಾಯಿ ಪರಿಷೆ. ಬಾಡಿಗೆಗಿರುವವರು, ಮನೆ ಮಾಲೀಕರು, ನಿನ್ನೆ ಬಂದವರು ಎಲ್ಲರೂ ಅಲ್ಲಿ ಒಂದೇ ರಾಶಿಯಿಂದ ಕಾಯಿ ಆರಿಸುತ್ತಾರೆ.

ಇಂಥ ಕಡೆ ಮನೆ ಕೊಳ್ಳುವವರು ದುಬಾರಿ ಬೆಲೆ ತೆರುವುದು ಈ ಒಡನಾಟಕ್ಕೂ ಹೌದು. ಅದು ತಾನಾಗಿ ಉಳಿಯುವುದಿಲ್ಲ. ಪ್ರತಿ ಹೊಸ ಗೇಟಿನೊಂದಿಗೆ ಒಂದಿಷ್ಟು ಮುಚ್ಚಿಹೋಗುತ್ತದೆ. ಹಾಗಾಗಿ ಕಟ್ಟಿಸುವವರು ಬೀದಿಯ ಕಡೆಗೊಂದು ಕಿಟಕಿ, ಕೂರಲೊಂದು ಕಟ್ಟೆ ಇಡಲಿ. ಹತ್ತು ನಿಮಿಷದಲ್ಲಿ ತರಕಾರಿ ಮನೆಗೆ ಬಂದರೂ ವಾರಕ್ಕೊಮ್ಮೆಯಾದರೂ ಎಂಟನೇ ಕ್ರಾಸಿಗೆ ಚೀಲ ಹಿಡಿದು ಹೋಗಲಿ. ಗೃಹಪ್ರವೇಶದ ಮೊದಲ ಕರೆ ದೂರದ ನೆಂಟರಿಗಿಂತ ಮುಂಚೆ ಎಡಬಲದ ಮನೆಗಳಿಗೆ ಹೋಗಲಿ.