ಚೀಟಿಯ ಮೇಲೆ ಕಾವಲು

ಜವಳಿ ಅಂಗಡಿಯ ಗುಮಾಸ್ತನೊಬ್ಬನನ್ನು ನೆನೆಯಿರಿ. ದಾಸ್ತಾನಿನ ಲೆಕ್ಕವೆಲ್ಲ ಒಳಕೋಣೆಯ ದೊಡ್ಡ ಖಾತೆಪುಸ್ತಕದಲ್ಲಿದೆ. ಗಿರಾಕಿ ಕೇಳಿದಾಗಲೆಲ್ಲ ಒಳಗೆ ಹೋಗಿ ನೋಡುವ ಬದಲು, ಅವನು ಪದೇ ಪದೇ ಬೇಕಾಗುವ ಅಂಕಿಗಳನ್ನು ಚೀಟಿಯೊಂದರಲ್ಲಿ ಬರೆದು ಮೇಜಿನ ಮೇಲಿಟ್ಟುಕೊಳ್ಳುತ್ತಾನೆ. ಕೆಲಸ ಬೇಗ ಸಾಗುತ್ತದೆ. ಆದರೆ ಒಳಗೆ ಇನ್ನೊಬ್ಬನು ಖಾತೆಯನ್ನು ತಿದ್ದಿದನೆನ್ನಿ. ಅಂದಿನಿಂದ ಚೀಟಿ ಹೇಳುವುದು ಸುಳ್ಳು. ಗುಮಾಸ್ತನಿಗೆ ಅದರ ಅರಿವೇ ಇರುವುದಿಲ್ಲ.

ಗಣಕಯಂತ್ರದಲ್ಲಿಯೂ ಇಂತಹುದೇ ಏರ್ಪಾಡಿದೆ. ಅದಕ್ಕೆ ಕ್ಯಾಶ್ ಎಂದು ಹೆಸರು. ತಿರುಗುವ ಡಿಸ್ಕಿನಿಂದ ಒಂದು ಮಾಹಿತಿಯನ್ನು ತೆಗೆಯಲು ಸೆಕೆಂಡಿನ ಸುಮಾರು 100ನೆಯ ಒಂದು ಭಾಗ ಹಿಡಿದರೆ, ಸ್ಮೃತಿಕೋಶದಿಂದ ತೆಗೆಯಲು ಸುಮಾರು 1 ಕೋಟಿಯ ಒಂದು ಭಾಗ ಸಾಕು. ವೇಗದಲ್ಲಿ ಲಕ್ಷ ಪಟ್ಟು ಲಾಭ! ನಿಧಾನವಾದ ದೊಡ್ಡ ಸ್ಮೃತಿಯ ಮುಂದೆ ವೇಗವುಳ್ಳ ಚಿಕ್ಕ ಸ್ಮೃತಿಯೊಂದನ್ನಿಡುವ ವಿಚಾರವನ್ನು ಕೇಂಬ್ರಿಜಿನ ಮಾರಿಸ್ ವಿಲ್ಕ್ಸ್ 1965ರಲ್ಲಿ ಪ್ರಕಟಿಸಿದರು. 2009ರಲ್ಲಿ ಹೊರಬಂದ ರೆಡಿಸ್ ಎಂಬ ತಂತ್ರಾಂಶವು ಮಾಹಿತಿಯನ್ನು ಸ್ಮೃತಿಯಲ್ಲಿಯೇ ಇಟ್ಟು ಅನೇಕ ಪ್ರೋಗ್ರಾಮುಗಳಿಗೆ ಒದಗಿಸುತ್ತದೆ. ಅವೂ ತಾವು ಓದಿದುದನ್ನು ತಮ್ಮ ಬಳಿ ಬರೆದಿಟ್ಟುಕೊಳ್ಳುವುದುಂಟು.

ಹಾಗಾದರೆ ಚೀಟಿ ಹಳೆಯದಾಯಿತೆಂದು ತಿಳಿಯುವುದು ಹೇಗೆ? ಸುಲಭವಾದ ಉಪಾಯವೆಂದರೆ ಪ್ರತಿಯೊಂದಕ್ಕೂ ಆಯುಸ್ಸನ್ನು ಗೊತ್ತುಮಾಡಿ, 60 ಸೆಕೆಂಡು ಕಳೆದೊಡನೆ ಹರಿದೆಸೆಯುವುದು. ಆದರೆ ಆ 60 ಸೆಕೆಂಡುಗಳ ತನಕ ತಪ್ಪು ಉಳಿದೇ ಇರಬಹುದು. ಎರಡನೆಯ ಉಪಾಯ ಸುದ್ದಿ ಕಳುಹಿಸುವುದು. ಯಾರು ಯಾವ ಅಂಕಿಯನ್ನು ಓದಿದರೆಂಬುದನ್ನು ಸರ್ವರು ನೆನಪಿನಲ್ಲಿಟ್ಟು, ಅದು ಬದಲಾದೊಡನೆ ‘ನಿಮ್ಮ ಪ್ರತಿಯನ್ನು ಬಿಡಿ’ ಎಂದು ತಿಳಿಸುತ್ತದೆ. 2020ರಿಂದ ರೆಡಿಸ್ ಹೀಗೆ ಮಾಡಬಲ್ಲುದು.

ಇಷ್ಟು ಸಾಲದೆ? ಸಾಲದು. ನ್ಯಾನೊಸೆಕೆಂಡೊಂದರಲ್ಲಿ, ಅಂದರೆ ಸೆಕೆಂಡಿನ 100 ಕೋಟಿಯ ಒಂದು ಭಾಗದಲ್ಲಿ, ಬೆಳಕು ಕೂಡ ಸುಮಾರು 30 ಸೆಂಟಿಮೀಟರು ಮಾತ್ರ ಸಾಗುತ್ತದೆ. ಸುದ್ದಿ ಅದಕ್ಕಿಂತ ಬೇಗ ಬರಲಾರದು. ಬಸ್ಸಿನಲ್ಲಿ ಒಂದೇ ಆಸನ ಉಳಿದಿದೆಯೆನ್ನೋಣ. ಎರಡು ಪ್ರೋಗ್ರಾಮುಗಳು ಏಕಕಾಲದಲ್ಲಿ ‘1’ ಎಂದು ಓದಿ, ‘0’ ಎಂದು ಬರೆದು, ಎರಡು ಟಿಕೆಟು ಕೊಟ್ಟರೆ, ರಾತ್ರಿಯಿಡೀ ಒಬ್ಬರು ನಿಂತೇ ಹೋಗಬೇಕಾದೀತು! ಇದನ್ನು ತಪ್ಪಿಸಲು ರೆಡಿಸಿನಲ್ಲಿ ‘ವಾಚ್’ ಎಂಬ ಆಜ್ಞೆಯಿದೆ. ಓದುವ ಮೊದಲೇ ಪ್ರೋಗ್ರಾಮು ‘ಈ ಅಂಕಿಯ ಮೇಲೆ ಕಣ್ಣಿಡು’ ಎನ್ನುತ್ತದೆ. ತಾನು ಬರೆಯುವುದರೊಳಗೆ ಬೇರೊಂದು ಪ್ರೋಗ್ರಾಮು ಅದನ್ನು ತಿದ್ದಿದ್ದರೆ ತನ್ನ ಬರಹ ಪೂರ್ತಿಯಾಗಿ ರದ್ದಾಗುತ್ತದೆ. ಆಗ ಅದು ಮತ್ತೆ ಓದಿ, ‘0’ ಎಂದು ಕಂಡು, ಟಿಕೆಟಿಲ್ಲವೆಂದು ತಿಳಿಸುತ್ತದೆ. ಬೀಗ ಹಾಕಿ ಯಾರನ್ನೂ ಕಾಯಿಸಿದಂತಾಗಲಿಲ್ಲ.

ನಮಗೆ ಕಾಣುವ ಸೂರ್ಯ ಸುಮಾರು 8 ನಿಮಿಷಗಳ ಹಿಂದಿನ ಸೂರ್ಯನಷ್ಟೆ. ಪ್ರತಿಯೂ ಹಾಗೆಯೇ, ಅದು ಹೇಳುವುದು ಯಾವಾಗಲೂ ಕಳೆದ ಕ್ಷಣದ ಮಾತು. ನೋಡಿ ತಿಳಿಯುವುದಕ್ಕೆ ಅದು ಸಾಕು. ಬದಲಿಸಹೊರಟಾಗ ಮಾತ್ರ ಮೂಲವನ್ನು ಕೇಳಿಯೇ ಬರೆಯಬೇಕು.