ಬೈಲಕುಪ್ಪೆಯ ಗಾಳಿಕುದುರೆ

ಹುಣಸೂರು, ಪಿರಿಯಾಪಟ್ಟಣ ದಾಟಿ ಕೊಪ್ಪದ ಬಳಿ ಎಡಕ್ಕೆ ತಿರುಗಿದರೆ ಮುಸುಕಿನ ಜೋಳದ ಹೊಲಗಳ ನಡುವೆ ಬಣ್ಣಬಣ್ಣದ ಬಾವುಟಗಳು ಪಟಪಟ ಬಡಿದುಕೊಳ್ಳುತ್ತಿರುತ್ತವೆ. ಬೈಲಕುಪ್ಪೆಯ ನಾಮ್‌ಡ್ರೊಲಿಂಗ್ ಮಠದ ಸ್ವರ್ಣದೇವಾಲಯಕ್ಕೆ ಬಂದವರು ಅವುಗಳೆದುರು ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಆದರೆ ಅವುಗಳ ಮೇಲೆ ಏನು ಅಚ್ಚಾಗಿದೆ ಎಂದು ನೋಡುವವರು ಕಡಿಮೆ.

ಮಧ್ಯದಲ್ಲೊಂದು ಕುದುರೆ. ಅದರ ಬೆನ್ನ ಮೇಲೆ ಸವಾರನಿಲ್ಲ, ಉರಿಯುವ ರತ್ನವಿದೆ. ನಾಲ್ಕು ಮೂಲೆಗೆ ಗರುಡ, ಡ್ರ್ಯಾಗನ್, ಹುಲಿ, ಹಿಮಸಿಂಹ. ಸುತ್ತ ಒತ್ತೊತ್ತಾಗಿ ಮಂತ್ರಗಳು. ಇದೇ ಲುಂಗ್ತಾ, ಗಾಳಿಕುದುರೆ. ಟಿಬೆಟಿನ ಪ್ರಯಾಣಿಕರು ಎತ್ತರದ ಕಣಿವೆದಾರಿಗಳಲ್ಲಿ ಇದನ್ನು ಕಟ್ಟಿ, ದೇವರಿಗೆ ಜಯಕಾರ ಹಾಕಿ ಮುಂದೆ ಸಾಗುತ್ತಿದ್ದರು.

ಇದು ಮೂಲತಃ ಮರದಚ್ಚಿನ ಕಲೆ. ಹಲಗೆಯ ಮೇಲೆ ಚಿತ್ರವನ್ನೂ ಅಕ್ಷರವನ್ನೂ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಕೆತ್ತಬೇಕು. ಗೆರೆ ಉಳಿಸಿ ಮಿಕ್ಕ ಮರವನ್ನೆಲ್ಲ ತೆಗೆಯಬೇಕು. ಒಂದು ಅಕ್ಷರದ ಕೊಂಬು ಸೀಳಿತೆಂದರೆ ಮಂತ್ರವೇ ಕೆಟ್ಟಂತೆ. ಆಮೇಲೆ ಮಸಿ ಬಳಿದು, ಬಟ್ಟೆ ಹಾಸಿ ಒತ್ತುವುದು. ಪೂರ್ವ ಟಿಬೆಟಿನ ದೆರ್ಗೆಯಲ್ಲಿ 1729ರಲ್ಲಿ ಶುರುವಾದ ಮುದ್ರಣಾಲಯದಲ್ಲಿ ಹೀಗೆ ಕೆತ್ತಿದ ಹಲಗೆಗಳು 2 ಲಕ್ಷಕ್ಕೂ ಹೆಚ್ಚಿವೆ.

ದಾರಿ ಮತ್ತು ಮರದಚ್ಚಿನ ನಂಟು ಜಪಾನಿನಲ್ಲೂ ಉಂಟು. ಅಲ್ಲಿನ ಕಲಾವಿದ ಹಿರೋಶಿಗೆ 1833-34ರ ಸುಮಾರಿಗೆ ಎಡೊದಿಂದ ಕ್ಯೋಟೊವರೆಗಿನ ತೊಕೈದೊ ಹೆದ್ದಾರಿಯ 53 ತಂಗುದಾಣಗಳನ್ನು ಚಿತ್ರಿಸಿದ. ಮಾರಿಕೊ ಊರಿನ ಚಿತ್ರದಲ್ಲಿ ದಾರಿಬದಿಯ ಹುಲ್ಲುಮಾಡಿನ ಹೋಟೆಲು, ಉಣ್ಣಲು ಕೂತ ಇಬ್ಬರು ಪ್ರಯಾಣಿಕರು, ಮಗುವನ್ನು ಬೆನ್ನಿಗೆ ಕಟ್ಟಿಕೊಂಡೇ ಬಡಿಸುವ ಹೆಂಗಸು. ಅಲ್ಲಿ ಒಂದೊಂದು ಬಣ್ಣಕ್ಕೂ ಬೇರೆ ಅಚ್ಚು. ಲುಂಗ್ತಾಕ್ಕೆ ಒಂದೇ ಅಚ್ಚು ಸಾಕು, ಬಣ್ಣ ಬಟ್ಟೆಯದೇ: ನೀಲಿ ಆಕಾಶ, ಬಿಳಿ ಗಾಳಿ, ಕೆಂಪು ಬೆಂಕಿ, ಹಸಿರು ನೀರು, ಹಳದಿ ಭೂಮಿ. ಹಿರೋಶಿಗೆ ಬಿಡಿಸಿದ್ದು ಕಂಡ ದಾರಿಯನ್ನು. ಲುಂಗ್ತಾ ತಾನೇ ದಾರಿಯ ಮೇಲಿರುತ್ತದೆ, ಹಾಗಾಗಿ ನನಗೆ ಇದರ ಮೇಲೆಯೇ ಮೋಹ ಹೆಚ್ಚು.

ಬೈಲಕುಪ್ಪೆಯಲ್ಲಿ ಟಿಬೆಟಿನ ನಿರಾಶ್ರಿತರ ವಸತಿ ಆರಂಭವಾದದ್ದು 1960ರ ಕೊನೆಗೆ, ಕಾಡು ಕಡಿದು. ನಾಮ್‌ಡ್ರೊಲಿಂಗ್ ಮಠ 1963ರದು. ಹುಣಸೂರಿನ ಗುರುಪುರದಲ್ಲಿ ಇನ್ನೊಂದು ವಸತಿ ಬಂತು. ಹೊಸವರ್ಷ ಲೋಸಾರ್‌ಗೆ ಇಲ್ಲೆಲ್ಲ ಹೊಸ ಬಾವುಟ ಏರುತ್ತದೆ.

ಈಗ ಎಲ್ಲೆಡೆ ಹೆಚ್ಚಾಗಿ ಸಿಗುವುದು ಸ್ಕ್ರೀನ್ ಪ್ರಿಂಟಿನ ಪಾಲಿಯೆಸ್ಟರ್ ಬಾವುಟ. ನನ್ನ ಆಕ್ಷೇಪ ಅದಕ್ಕೇ. ಮಳೆಬಿಸಿಲಿಗೆ ಮಾಸಿ, ಎಳೆಎಳೆಯಾಗಿ ಗಾಳಿಗೆ ಸೇರಿಹೋಗುವುದೇ ಲುಂಗ್ತಾದ ಕೆಲಸ. ಪ್ಲಾಸ್ಟಿಕ್ ನೂಲು ಹಾಗೆ ಕರಗದೆ ಮರದ ಕೊಂಬೆಯಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡಿರುತ್ತದೆ. ಕೊಳ್ಳುವವರು ಹತ್ತಿಬಟ್ಟೆಯದನ್ನೇ ಕೇಳಿ. ಅದನ್ನು ನೆಲಕ್ಕೆ ತಾಗಿಸದೆ, ಗಾಳಿ ಚೆನ್ನಾಗಿ ಆಡುವ ಕಡೆ ಎತ್ತರಕ್ಕೆ ಕಟ್ಟಿ. ಹಳತಾದದ್ದನ್ನು ಕಸಕ್ಕೆ ಎಸೆಯುವಂತಿಲ್ಲ, ಸುಡುವುದೇ ಟಿಬೆಟಿನವರ ಪದ್ಧತಿ.