ಬಂಕಿನಲ್ಲಿ 110 ರೂಪಾಯಿ ಲೆಕ್ಕ

ಪೆಟ್ರೋಲ್ ಬಂಕಿನಲ್ಲಿ 100ರ ಬದಲು 110 ರೂಪಾಯಿಗೆ ಹಾಕಿಸಿದರೆ ಮೋಸ ಆಗುವುದಿಲ್ಲ ಎಂಬ ನಂಬಿಕೆ ಬಹಳ ಜನರಲ್ಲಿದೆ. ಯಂತ್ರದ ಒಳಗೆ ನೋಡಿದರೆ ಇದಕ್ಕೆ ಆಧಾರವೇ ಸಿಗುವುದಿಲ್ಲ. ನೆಲದಡಿಯ ಟ್ಯಾಂಕಿನಿಂದ ಪಂಪ್ ಎತ್ತಿದ ಪೆಟ್ರೋಲ್ ಮೀಟರಿನೊಳಗಿನ ಪಿಸ್ಟನ್‌ಗಳನ್ನು ತಳ್ಳಿಕೊಂಡು ಹೋಗುತ್ತದೆ. ಒಂದೊಂದು ಸಲಕ್ಕೂ ಗೊತ್ತಾದ ಅಳತೆಯಷ್ಟೇ ದಾಟುತ್ತದೆ. ಆ ಚಲನೆಗೆ ದಂಡವೊಂದು ತಿರುಗುತ್ತದೆ, ಅದಕ್ಕೆ ಜೋಡಿಸಿದ ಪಲ್ಸರ್ ವಿದ್ಯುತ್ ಪಲ್ಸ್‌ಗಳನ್ನು ಕಳಿಸುತ್ತದೆ. ಪಲ್ಸ್ ಎಣಿಸಿದರೆ ಲೀಟರ್, ಅದನ್ನು ದರದಿಂದ ಗುಣಿಸಿದರೆ ರೂಪಾಯಿ. ಮೀಟರಿಗೆ ಗೊತ್ತಿರುವುದು ಅಳತೆ ಮಾತ್ರ, ನಿಮ್ಮ ನೋಟಲ್ಲ.

ಹಾಗಾದರೆ ಮೋಸವೇ ಇಲ್ಲವೇ? ಇದೆ. 2017ರಲ್ಲಿ ಉತ್ತರ ಪ್ರದೇಶದ ಕೆಲವು ಬಂಕುಗಳಲ್ಲಿ ಅಡಗಿಸಿಟ್ಟ ಚಿಪ್‌ಗಳು ಸಿಕ್ಕಿದ್ದವು. ಆದರೆ ಚಿಪ್ ಪಲ್ಸ್ ಎಣಿಕೆಯನ್ನೇ ಕೆಡಿಸಿದ್ದರೆ 110ಕ್ಕೂ ಪೆಟ್ರೋಲ್ ಕಡಿಮೆಯೇ ಬರುತ್ತದೆ. ಈಗ ಎಷ್ಟೋ ಬಂಕುಗಳಲ್ಲಿ ಪ್ರತಿ ಮಾರಾಟದ ಲೆಕ್ಕ ತಾನಾಗಿಯೇ ಕಂಪ್ಯೂಟರಿಗೆ ಸೇರುತ್ತದೆ. ಒಳ್ಳೆಯ ವ್ಯವಸ್ಥೆಯೇ, ಆದರೆ ಮೂಲದಲ್ಲೇ ತಪ್ಪಿದ ಎಣಿಕೆಯನ್ನು ಅದೊಂದೇ ತಿದ್ದಲಾರದು. ಅನುಮಾನ ಬಂದರೆ ಮುದ್ರೆಯಿರುವ 5 ಲೀಟರ್ ಅಳತೆಪಾತ್ರೆ ಕೇಳಿ, ಕಣ್ಣೆದುರೇ ತುಂಬಿಸಿ ನೋಡಿ. ಹಾಗೆ ಕೇಳುವ ಹಕ್ಕು ನಿಮಗಿದೆ.